ಲಂಡನ್‌ಡೆರಿ ಏರ್: ಒಂದು ಗಾಂಧಾರದ ಉದ್ದ

ಲಂಡನ್‌ಡೆರಿ ಏರ್ ಎಂಬ ಐರಿಷ್ ಮಟ್ಟನ್ನು ಅಭ್ಯಾಸಕ್ಕೆ ತೆಗೆದುಕೊಳ್ಳುವಾಗ ನಾನು ಮೊದಲು ಅದಕ್ಕೆ ಹಾಡುವ ‘ಡ್ಯಾನಿ ಬಾಯ್’ ಸಾಹಿತ್ಯವನ್ನು ಪಕ್ಕಕ್ಕಿಡುತ್ತೇನೆ. ಆ ಮಾತುಗಳು ಐರ್ಲೆಂಡಿನ ಜನಪದದ್ದಲ್ಲ. ಇಂಗ್ಲೆಂಡಿನ ವಕೀಲ ಫ್ರೆಡರಿಕ್ ವೆದರ್ಲಿ 1910ರಲ್ಲಿ ಬೇರೊಂದು ಮಟ್ಟಿಗೆ ಬರೆದುಕೊಂಡಿದ್ದವರು, ಇದು ಕೈಗೆ ಸಿಕ್ಕಮೇಲೆ ತಿದ್ದಿ 1913ರಲ್ಲಿ ಪ್ರಕಟಿಸಿದರು. ಮಟ್ಟು ಅದಕ್ಕಿಂತ ಹಳೆಯದು. ಉತ್ತರ ಐರ್ಲೆಂಡಿನ ಲಿಮಾವಾಡಿ ಊರಿನ ಜೇನ್ ರಾಸ್ ಬರೆದುಕೊಟ್ಟದ್ದನ್ನು ಮಟ್ಟುಗಳ ಸಂಗ್ರಾಹಕ ಜಾರ್ಜ್ ಪೆಟ್ರಿ 1855ರಲ್ಲಿ ಅಚ್ಚು ಹಾಕಿಸಿದರು. ಮಟ್ಟಿಗೆ ಹೆಸರಿಲ್ಲ, ನುಡಿಸಿದವರ ಹೆಸರೂ ಇಲ್ಲ. ಇದು ಎಲ್ಲಿಂದ ಬಂತೆಂಬ ಜಗಳ ಶುರುವಾದದ್ದು ಅಲ್ಲಿಂದಲೇ.

ಮೊದಲ ಕೆಲಸ ಶ್ರುತಿ. ಮಂದ್ರ ಧೈವತದಿಂದ ತಾರ ಗಾಂಧಾರದವರೆಗೆ ಹತ್ತೊಂಬತ್ತು ಅರ್ಧಸ್ವರಗಳ (ಪಿಯಾನೋದ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ಹರವು. ನಿಮ್ಮ ಗಂಟಲು ಗಟ್ಟಿಯಾಗಿ ನಿಲ್ಲುವ ಅತಿ ಕೆಳಗಿನ ಸ್ವರವನ್ನು ಧೈವತ ಮಾಡಿಕೊಳ್ಳಿ, ಅಲ್ಲಿಂದ ಮೂರು ಅರ್ಧಸ್ವರ ಮೇಲಕ್ಕೆ ಷಡ್ಜ. ಮಧ್ಯಸ್ಥಾಯಿ ಹಿತವಾಗಿದೆಯೆಂದು ಷಡ್ಜವನ್ನು ಮೊದಲೇ ಹಿಡಿದರೆ ಮೇಲಿನ ಗಾಂಧಾರದಲ್ಲಿ ಧ್ವನಿ ಕಿರಿಚಿಕೊಳ್ಳುತ್ತದೆ. ಡಿ ಶ್ರುತಿಯ ಟಿನ್ ವಿಸಲ್ ಎಂಬ ಪುಟ್ಟ ಕೊಳಲಿನಲ್ಲಿ ಜಿ ಸ್ವರವನ್ನು ಷಡ್ಜ ಮಾಡಿದರೆ ಇಡೀ ಮಟ್ಟು ಕೂರುತ್ತದೆ.

ಸ್ವರಗಳೆಲ್ಲ ಶಂಕರಾಭರಣದವೇ. ಹಾಗೆಂದು ಗಾಂಧಾರವನ್ನೋ ನಿಷಾದವನ್ನೋ ಕಂಪಿಸಿದರೆ ಮಟ್ಟು ಸತ್ತೇ ಹೋಗುತ್ತದೆ. ಪಾಶ್ಚಾತ್ಯ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಕಟ್ಟಿದ ನೋಟುಸ್ವರ ಹಾಡಿದವರಿಗೆ ಈ ಸಂಯಮ ಸುಲಭ. ನಾನು ಉಳಿಸಿಕೊಳ್ಳುವುದು ಒಂದೇ ಅಲಂಕಾರ: ಉದ್ದ ಸ್ವರಕ್ಕೆ ಮುಂಚೆ ಮೇಲಿನ ಸ್ವರವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತಾಕಿಸುವುದು. ಒಂದು ಸಾಲಿಗೆ ಎರಡು ಸಲ ಸಾಕು.

ಈಗ ತಾಳ. ಅಚ್ಚಾದ ರೂಪದಲ್ಲಿ ‘ನಿ ಸ ರಿ’ ಪೆಟ್ಟಿಗೆ ಮೊದಲೇ ಬಂದು, ಪೆಟ್ಟಿನ ಮೇಲೆ ಗಾಂಧಾರ ಮೂರು ಎಣಿಕೆ ನಿಲ್ಲುತ್ತದೆ. ಆಮೇಲೆ ‘ರಿ ಗ ಧ ಪ ಗ’ ಒಂದೊಂದು ಎಣಿಕೆ, ಒಟ್ಟು ಎಂಟು. ಮುಂದಿನದರಲ್ಲಿ ‘ರಿ ಸ’, ಮೂರು ಎಣಿಕೆಯ ಮಂದ್ರ ಧೈವತ, ‘ಸ ಗ ಮ’: ಮತ್ತೆ ಎಂಟು. ಆ ಎರಡು ಉದ್ದ ಸ್ವರಗಳನ್ನು ಒಂದೊಂದು ಎಣಿಕೆಗೆ ಇಳಿಸಿ ಚಪ್ಪಾಳೆ ಹಾಕಿ ನೋಡಿ. ಎಂಟು ಆರಾಗುತ್ತದೆ, ಮಟ್ಟು ಮೂರೆಣಿಕೆಯಲ್ಲಿ ತೂಗಲು ತೊಡಗುತ್ತದೆ, ಅಳು ಮಾಯ. 1934ರಲ್ಲಿ ಜನಪದ ಹಾಡುಗಳ ವಿದ್ವಾಂಸೆ ಆನ್ ಗಿಲ್‌ಕ್ರಿಸ್ಟ್ ಎತ್ತಿದ ವಾದದ ತಿರುಳು ಇದೇ. ನುಡಿಸಿದವನು ಭಾವಕ್ಕಾಗಿ ಎಳೆದದ್ದನ್ನು ರಾಸ್ ತಾಳವೆಂದೇ ಬರೆದುಕೊಂಡಿರಬೇಕು ಎಂದು ಆಕೆ ಊಹಿಸಿದರು. ಐರಿಷ್ ಹಾಡುಗಳ ಛಂದಸ್ಸಿಗೆ ಮಟ್ಟು ಒಗ್ಗುವುದಿಲ್ಲ, ಆದ್ದರಿಂದ ರಾಸ್ ತಾವೇ ಕಟ್ಟಿದ್ದು ಎಂಬ ಅನುಮಾನಕ್ಕೆ ಅದು ಉತ್ತರವಾಗಿತ್ತು. ಎರಡು ರೀತಿಯಲ್ಲೂ ಹತ್ತು ಹತ್ತು ಸಲ ಹಾಡದೆ ನಾನು ಯಾರಿಗೂ ಈ ವಾದ ವಿವರಿಸುವುದಿಲ್ಲ. ಕಾಗದದ ಮೇಲೆ ಅದು ಬರೀ ಲೆಕ್ಕ.

ಇನ್ನೊಂದು ಎಳೆ ಹಾರ್ಪ್ ವಾದ್ಯದ ಕಡೆಗೆ ಹೋಗುತ್ತದೆ. ಲಿಮಾವಾಡಿಗೆ ಹತ್ತಿರದ ಮಗಿಲ್ಲಿಗನ್‌ನ ಡೆನಿಸ್ ಹೆಂಪ್ಸನ್, ಲೋಹದ ತಂತಿಗಳನ್ನು ಉಗುರಿನಿಂದ ಮೀಟುತ್ತಿದ್ದ ಅಂಧ ವಾದಕ, 1792ರ ಬೆಲ್‌ಫಾಸ್ಟ್ ಹಾರ್ಪ್ ವಾದಕರ ಮೇಳದಲ್ಲಿದ್ದರು. ಅವರಿಂದ ಸಂಗ್ರಾಹಕ ಎಡ್ವರ್ಡ್ ಬಂಟಿಂಗ್ ಪಡೆದ, 1796ರಲ್ಲಿ ಅಚ್ಚಾದ ‘ಯುವಕನ ಕನಸು’ ಎಂಬರ್ಥದ ಮಟ್ಟಿಗೂ ಇದಕ್ಕೂ ನಂಟಿದೆಯೆಂಬುದು 2000ದಲ್ಲಿ ಸಂಶೋಧಕ ಬ್ರಯಾನ್ ಆಡ್ಲಿ ಮಂಡಿಸಿದ ವಾದ. ಹೋಲಿಸುವಾಗ ಜನ ಎಡವುವುದು ಒಂದೇ ಕಡೆ: ಬಂಟಿಂಗ್ ಅಚ್ಚು ಹಾಕಿಸಿದ್ದು ಪಿಯಾನೋಗೆ. ಎಡಗೈ ಭಾಗ ಅವರು ಸೇರಿಸಿದ್ದು, ಅದನ್ನು ಮುಚ್ಚಿಡಿ. ಎರಡನ್ನೂ ಒಂದೇ ಷಡ್ಜಕ್ಕೆ ತಂದು, ಪೆಟ್ಟಿನ ಮೇಲೆ ಬೀಳುವ ಸ್ವರಗಳನ್ನಷ್ಟೇ ಒಂದರ ಕೆಳಗೊಂದು ಬರೆಯಿರಿ. ನಡುವಿನ ಓಡುಸ್ವರಗಳನ್ನು ಹೋಲಿಸಹೋದರೆ ಯಾವ ಎರಡು ಮಟ್ಟೂ ಅಣ್ಣತಮ್ಮಂದಿರಂತೆ ಕಾಣಬಹುದು. ನನ್ನ ಮಟ್ಟಿಗೆ ಇದು ದೂರದ ನೆಂಟಸ್ತಿಕೆ, ಮಗುವಲ್ಲ.

ಕಣ್ಣು ಒದ್ದೆಯಾಗುವ ಜಾಗ ಉತ್ತರಾರ್ಧದಲ್ಲಿದೆ. ‘ಪ ಪ ಪ’ ಎಂದು ಒಂದೇ ಕಡೆ ತಟ್ಟಿ, ಒಮ್ಮೆಗೇ ತಾರ ಗಾಂಧಾರಕ್ಕೆ ಜಿಗಿತ. ಮೊದಲ ಸಾಲಿನಲ್ಲಿ ಮೂರೆಣಿಕೆ ನಿಂತಿದ್ದ ಅದೇ ಗಾಂಧಾರ, ಒಂದು ಸ್ಥಾಯಿ ಮೇಲೆ. ಹೆಚ್ಚಿನವರು ಅಲ್ಲಿ ಧ್ವನಿ ಏರಿಸುತ್ತಾರೆ. ನಾನು ಮೂರನೆಯ ಪಂಚಮದಲ್ಲೇ ಒತ್ತು ತಗ್ಗಿಸುತ್ತೇನೆ, ಉಸಿರನ್ನು ಮೊದಲ ಪಂಚಮಕ್ಕೂ ಮುಂಚೆ ತೆಗೆದುಕೊಂಡಿರುತ್ತೇನೆ. ಜಿಗಿತದ ನಡುವೆ ಉಸಿರೆಳೆದರೆ ಆ ಗಾಂಧಾರ ಎಂದಿಗೂ ಶ್ರುತಿಗೆ ಸೇರದು.