ಸೆಂಟ್ರಿಂಗ್ ಬಿಚ್ಚಿದ ಕೂಡಲೇ ಸೀಳಿದ ಕಮಾನು

ಕಲಬುರಗಿ ಕೋಟೆಯ ಜಾಮಿ ಮಸೀದಿಯ (1367) ಅಗಲವಾದ, ಗಿಡ್ಡ ಕಾಲಿನ ಕಮಾನುಗಳನ್ನು ನೋಡಿ ಕಾಲೇಜಿನ ಮೊದಲ ಪ್ರಯೋಗಕ್ಕೆ 4 ಅಡಿ ಅಗಲದ ಇಟ್ಟಿಗೆ ಕಮಾನು ಕಟ್ಟಿದ್ದೆ. ಸೆಂಟ್ರಿಂಗ್ (ಕಟ್ಟುವಾಗ ಕಮಾನನ್ನು ಕೆಳಗಿನಿಂದ ಹೊರುವ ಹಲಗೆಯ ಆಸರೆ) ತೆಗೆದಾಗ ನೆತ್ತಿಯ ಕೆಳಮೈಯಲ್ಲಿ ಬಿರುಕು ಬಾಯ್ಬಿಟ್ಟಿತು.

ಗಾರೆಯ ಮೇಲೆ ಅನುಮಾನ ಬರುವುದು ಸಹಜ. ಆದರೆ ಎರಡೂ ಬದಿಯ ಕಂಬ ಹೊರಕ್ಕೆ ಸರಿದಿದ್ದವು. ಕಮಾನು ತಗ್ಗಿದಷ್ಟೂ ಪಕ್ಕಕ್ಕೆ ತಳ್ಳುವುದು ಹೆಚ್ಚು. ಮಸೀದಿಯ ಸಾಲಿನಲ್ಲಿ ಒಂದರ ತಳ್ಳಿಕೆಯನ್ನು ಪಕ್ಕದ ಕಮಾನು ತಡೆಯುತ್ತದೆ. ಒಂಟಿ ಕಮಾನಿಗೆ ಆ ನೆರವಿಲ್ಲ. ಆ ಕಾಲದ ಗೌಂಡಿಗಳ ಜಾಣ್ಮೆ ಇರುವುದೇ ಅಲ್ಲಿ.

ಮರಳಿ ಕಟ್ಟುವಾಗ 9 ಇಂಚಿನ ಕಂಬವನ್ನು 18 ಇಂಚು ಮಾಡಿದೆ. ಕಮಾನಿನ ಎರಡೂ ಭುಜದ ಮೇಲೆ, ಎತ್ತರದ ಮೂರನೇ ಒಂದು ಭಾಗದವರೆಗೆ, ಇಟ್ಟಿಗೆ ತುಂಬಿದೆ. ಇಟ್ಟಿಗೆಯನ್ನು ಗುಳ್ಳೆ ನಿಲ್ಲುವ ತನಕ ನೀರಲ್ಲಿ ನೆನೆಸಲೇಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಪುಡಿಪುಡಿ ಮಾಡುತ್ತದೆ. ಗಾರೆಗೆ ಅರಳಿದ ಸುಣ್ಣ 1, ಇಟ್ಟಿಗೆ ಪುಡಿ 1, ಮರಳು 2 ಪಾಲು. ನಮ್ಮ ಬಿಸಿಲಿಗೆ 14 ದಿನ ಒದ್ದೆ ಗೋಣಿತಟ್ಟು ಹೊದಿಸಿದೆ.

ಸೆಂಟ್ರಿಂಗನ್ನು ಒಮ್ಮೆಗೇ ಎಳೆಯಬಾರದು. ಅದರಡಿ ಜೋಡಿ ಬೆಣೆಗಳಿರಲಿ. ಎರಡೂ ಕಡೆ ಸಮನಾಗಿ ತುಸು ತುಸುವೇ ಸಡಿಲಿಸಿ, ಅರ್ಧ ಇಂಚು ಇಳಿದ ಮೇಲೆ ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಕಮಾನಿಗೂ ಹಲಗೆಗೂ ನಡುವೆ ಬೆಳಕು ಹಾಯುತ್ತಿತ್ತು, ಬಿರುಕಿರಲಿಲ್ಲ.