ಅತ್ತೆಯ ಡಬ್ಬಾ ಟಿವಿಗೆ ಮತ್ತೆ ಚಂದನ ಬರಿಸಿದ್ದು ಹೀಗೆ

"ಟಿವಿ ಸತ್ತೋಯ್ತು ಕಣೋ" ಅಂತ ಅರಸೀಕೆರೆ ಕಡೆಯ ಹಳ್ಳಿಯಿಂದ ಸೋದರತ್ತೆ ಫೋನ್ ಮಾಡಿದರು. ಹೋಗಿ ನೋಡಿದರೆ 21 ಇಂಚಿನ ಡಬ್ಬಾ ಟಿವಿ ಚೆನ್ನಾಗಿಯೇ ಆನ್ ಆಗುತ್ತಿತ್ತು. ಪರದೆ ತುಂಬ ಚುಕ್ಕಿ, ಜೊತೆಗೆ ಸುಯ್ ಅನ್ನುವ ಸದ್ದು, ಅಷ್ಟೇ. ಊರಿನ ಕೇಬಲ್‌ನವನು ಕಸುಬು ಬಿಟ್ಟಿದ್ದ. ಅತ್ತೆ ಅಟ್ಟದಿಂದ ಹಳೇ ಆಂಟೆನಾ ಇಳಿಸಿ, ಮಾಳಿಗೆ ಮೇಲೆ ಕಟ್ಟಿಸಿ, ಎರಡು ದಿನ ಪಕ್ಕದ ಮನೆ ಹುಡುಗನ ಕೈಲಿ ತಿರುಗಿಸಿದ್ದರು. ಮೇಲಿಂದ "ಬಂತಾ?", ಕೆಳಗಿಂದ "ಇಲ್ಲಾ". ನಮ್ಮ ಬಾಲ್ಯದ ಅದೇ ಆಟ.

ಆ ಆಂಟೆನಾಕ್ಕೆ ಹಿಡಿಯಲು ಗಾಳಿಯಲ್ಲಿ ಏನೂ ಉಳಿದಿರಲಿಲ್ಲ. ದೂರದರ್ಶನ ತನ್ನ ಅನಲಾಗ್ (ಹಳೇ ಬಗೆಯ, ಡಿಜಿಟಲ್ ಅಲ್ಲದ) ಟವರ್‌ಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದು, 2022ರ ಹೊತ್ತಿಗೆ ಗಡಿಯಂಥ ಕೆಲವು ಜಾಗ ಬಿಟ್ಟು ಬಹುತೇಕ ಕಡೆ ಮುಗಿಸಿತು. ಕೇಬಲ್‌ಗೆ ಡಿಜಿಟಲ್ ಆಗುವ ಗಡುವು ಅದಕ್ಕೂ ಮೊದಲೇ ಬಂದಿತ್ತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31, ಹಳ್ಳಿಗಳಿಗೆ 2017ರ ಮಾರ್ಚ್ 31. ಒಂದು ಅನಲಾಗ್ ಚಾನೆಲ್‌ಗೆ ಬೇಕಾದ 8 ಮೆಗಾಹರ್ಟ್ಸ್ ಜಾಗದಲ್ಲಿ ಹತ್ತಾರು ಡಿಜಿಟಲ್ ಚಾನೆಲ್ ಕೂರುತ್ತವೆ. ಹಾಗಾಗಿ ಬದಲಾವಣೆ ಬೇಕಿತ್ತು, ಒಪ್ಪೋಣ. ಆದರೂ ಒಂದು ಮಾತು. 1982ರಲ್ಲಿ ಬಣ್ಣ ಬಂದಾಗ ಯಾರ ಮನೆಯ ಕಪ್ಪು-ಬಿಳುಪು ಟಿವಿಯೂ ನಿಲ್ಲಲಿಲ್ಲ. ಬಣ್ಣದ ಪ್ರಸಾರವನ್ನೇ ಅದು ಕಪ್ಪು-ಬಿಳುಪಿನಲ್ಲಿ ತೋರಿಸುತ್ತಿತ್ತು. ನಮ್ಮ ದೇಶದ ಬಣ್ಣದ ಪ್ರಸಾರಕ್ಕೆ ಬಳಸಿದ ಪಾಲ್ ಪದ್ಧತಿಯನ್ನು ರೂಪಿಸಿದ್ದೇ ಹಾಗೆ. ಈ ಸಲ ಆ ಸೌಕರ್ಯ ಇಲ್ಲ. ಡಿಜಿಟಲ್ ಸಿಗ್ನಲನ್ನು ಹಳೇ ಟಿವಿಗೆ ಒಗ್ಗಿಸುವ ಒಂದು ಪೆಟ್ಟಿಗೆ, ಅಂದರೆ ಸೆಟ್ ಟಾಪ್ ಬಾಕ್ಸ್, ನಡುವೆ ಇಡಲೇಬೇಕು.

ಮೊದಲು ಟಿವಿಯ ಆರೋಗ್ಯ ನೋಡಿ

ಆನ್ ಮಾಡಿ ಹತ್ತು ನಿಮಿಷ ಬಿಡಿ. ಚುಕ್ಕಿಗಳು ಪರದೆ ತುಂಬ ಒಂದೇ ಸಮ, ಬೆಳ್ಳಗೆ ಕಂಡರೆ ಪಿಕ್ಚರ್ ಟ್ಯೂಬ್ ಚೆನ್ನಾಗಿದೆ ಎಂದರ್ಥ. (ಕೆಲವು ಸೆಟ್‌ಗಳು ಸಿಗ್ನಲ್ ಇಲ್ಲದಾಗ ಬರೀ ನೀಲಿ ಪರದೆ ತೋರಿಸುತ್ತವೆ, ಅದೂ ಸರಿಯೇ.) ಮಂಕಾಗಿದ್ದರೆ, ಒಂದೇ ಬಣ್ಣಕ್ಕೆ ತಿರುಗಿದ್ದರೆ, ನಡುವೆ ಒಂದು ಗೆರೆ ಮಾತ್ರ ಉಳಿದಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಸುಮ್ನೆ ನಷ್ಟ.

ಹಿಂದಿನ ಮುಚ್ಚಳವನ್ನಂತೂ ನೀವೇ ಬಿಚ್ಚಬೇಡಿ. ಬಣ್ಣದ ಟ್ಯೂಬಿಗೆ 20 ಸಾವಿರ ವೋಲ್ಟಿಗಿಂತ ಜಾಸ್ತಿ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಗುಜರಿಗೆ ಹಾಕುವುದೂ ಬೇಡ. ಅವರಿಗೆ ಬೇಕಿರುವುದು ಟ್ಯೂಬಿನ ಕತ್ತಿಗೆ ಸುತ್ತಿದ ತಾಮ್ರ. ಅದನ್ನು ಬಿಚ್ಚಿಕೊಂಡು ಗಾಜನ್ನು ಒಡೆದು ಎಸೆದರೆ, ಅದರೊಳಗಿನ ಸೀಸ ಮಣ್ಣಿಗೆ ಸೇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳಲು ಅನುಮತಿ ಇರುವವರಿಗೇ ಕೊಡಿ.

ಬೆನ್ನ ಹಿಂದೆ ಏನೇನು ತೂತು?

ಟಾರ್ಚ್ ಹಿಡಿದು ಹಿಂದೆ ನೋಡಿ. ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಅರ್ಧ ಕೆಲಸ ಆದಂತೆ. ಇದೇ ಎವಿ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಸದ್ದು. ಎಷ್ಟೋ ಸೆಟ್‌ಗಳಲ್ಲಿ ಹಳದಿ, ಬಿಳಿ ಮಾತ್ರ ಇರುತ್ತವೆ. ಆಗ ಕೆಂಪು ಪಿನ್ನನ್ನು ಹಾಗೇ ಬಿಡಿ.

ಆಂಟೆನಾದ ತೂತು ಒಂದೇ ಇದ್ದರೆ ಆರ್‌ಎಫ್ ಮಾಡ್ಯುಲೇಟರ್ ಅನ್ನುವ ಪುಟ್ಟ ಡಬ್ಬಿ ಬೇಕು. ಬಾಕ್ಸಿನ ಎವಿಯನ್ನು ಅದಕ್ಕೆ ಕೊಟ್ಟರೆ, ಅದು ಹಳೇ ಕಾಲದ ಒಂದು ಚಾನೆಲ್ ಮಾಡಿ ಟಿವಿಗೆ ಕಳಿಸುತ್ತದೆ. ಟಿವಿಯಲ್ಲಿ ಆ ಚಾನೆಲ್ ಹುಡುಕಿ ನಿಲ್ಲಿಸಬೇಕು. ಇನ್ನೂ ಹಳೇ ಸೆಟ್‌ನಲ್ಲಿ ಚಪ್ಪಟೆ ವೈರ್ ಸಿಕ್ಕಿಸುವ ಎರಡು ಸ್ಕ್ರೂ ಇದ್ದರೆ, ದುಂಡು ಕೇಬಲನ್ನು ಅದಕ್ಕೆ ಹೊಂದಿಸುವ ಬಾಲನ್ ಕೂಡ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿ.

ಬಾಕ್ಸ್ ಯಾವುದು?

ಊರಲ್ಲಿ ಕೇಬಲ್ ಇದ್ದರೆ ಅವರ ಬಾಕ್ಸೇ ಸಾಕು. ತಿಂಗಳಿಗೆ ದುಡ್ಡು ಕೊಡುವುದು ಬೇಡ ಅನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಲ್ಲಿ ಶುರುವಾದದ್ದು ಇದೇ. ಬುಟ್ಟಿ (ಡಿಶ್ ಆಂಟೆನಾ), ಬಾಕ್ಸಿಗೆ ಒಂದು ಸಲ ಖರ್ಚು ಮಾಡಿದರೆ ಆಯಿತು. ಅತ್ತೆಗೆ ಬೇಕಿದ್ದದ್ದು ಚಂದನ, ಒಂದಿಷ್ಟು ವಾರ್ತೆ. ನಾವು ಇದನ್ನೇ ಹಾಕಿಸಿದೆವು.

ಕೊಳ್ಳುವಾಗ ಎಂಪೆಗ್-4 ಬಾಕ್ಸ್ ಅಂತಲೇ ಕೇಳಿ. ಎಂಪೆಗ್ ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ. ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಹೊಸ ಬಗೆಯ ಚಾನೆಲ್‌ಗಳು ಕಾಣುವುದಿಲ್ಲ. ಟಿವಿ ಹಳತಾದದ್ದು ಸಾಲದು ಅಂತ ಬಾಕ್ಸೂ ಹಳತಾಗುತ್ತೆ, ನೋಡಿ! ಬಾಕ್ಸಿನ ಹಿಂದೆ ಎವಿ ಇದೆಯಾ ಅಂತಲೂ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ.

ಬುಟ್ಟಿ ಆಗ್ನೇಯಕ್ಕೆ

ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವದಲ್ಲಿ ನಿಂತಿದೆ. ಕರ್ನಾಟಕದಿಂದ ನೋಡಿದರೆ ಅದು ಆಗ್ನೇಯ, ಅಂದರೆ ವಾಸ್ತುವಿನವರು ಅಡುಗೆಮನೆಗೆ ಹೇಳುವ ಮೂಲೆ. ಮೊಬೈಲ್ ದಿಕ್ಸೂಚಿಯಲ್ಲಿ ಬೆಂಗಳೂರಿಗೆ ಸುಮಾರು 128 ಡಿಗ್ರಿ, ಕಲಬುರಗಿಗೆ 135. ಆ ಕಡೆ ತೆಂಗಿನ ಗರಿ ಅಡ್ಡ ಇರಬಾರದು. ನಮ್ಮ ಅತ್ತೆಯ ಊರಲ್ಲಿ ತೆಂಗಿಲ್ಲದ ದಿಕ್ಕು ಹುಡುಕುವುದೇ ಕಷ್ಟ. ಕೊನೆಗೆ ನೀರಿನ ಟ್ಯಾಂಕಿನ ಪಕ್ಕ ಜಾಗ ಸಿಕ್ಕಿತು.

ಕಂಬ ನೆಟ್ಟಗಿರಬೇಕು. ಗಾರೆಯವರ ತೂಗುಗುಂಡು ಬಿಟ್ಟು ನೋಡಿ. ಉಪಗ್ರಹ ಆಕಾಶದಲ್ಲಿ 60 ಡಿಗ್ರಿಗಿಂತ ಮೇಲಿದ್ದರೂ ಬುಟ್ಟಿಯ ಮುಖ ಅಷ್ಟು ಮೇಲಕ್ಕೆ ನೋಡಬೇಕಿಲ್ಲ, ಅದನ್ನು ಓರೆಯಾಗಿ ಹಿಡಿಯುವಂತೆಯೇ ಮಾಡಿರುತ್ತಾರೆ. ಬುಟ್ಟಿಯ ಹಿಂದಿನ ಅಳತೆಪಟ್ಟಿ ನೋಡಿ ಕೂರಿಸಿ. ಕೇಬಲ್ ತುದಿ ಸುಲಿದು ಪಿನ್ ಹಾಕುವಾಗ, ಹೊರಗಿನ ಜಾಲರಿಯ ಒಂದೇ ಒಂದು ಎಳೆಯೂ ನಡುವಿನ ತಾಮ್ರಕ್ಕೆ ತಾಗಬಾರದು. ಈ ಕೆಲಸ ಬಾಕ್ಸ್ ಆಫ್ ಇರುವಾಗಲೇ ಆಗಲಿ.

ಆಮೇಲೆ ಮೆನುವಿನಲ್ಲಿ ಎಲ್‌ಎನ್‌ಬಿ (ಬುಟ್ಟಿಯ ಮುಂದಿರುವ, ಸಿಗ್ನಲ್ ಹಿಡಿಯುವ ಭಾಗ) ಜಾಗದಲ್ಲಿ 9750/10600 ಇಡಿ. ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ. ಮೊದಲನೆಯದು ಏರಿದ್ದಕ್ಕೆ ಖುಷಿಪಡಬೇಡಿ, ಬುಟ್ಟಿ ಎತ್ತ ತಿರುಗಿದ್ದರೂ ಅದು ಸ್ವಲ್ಪ ತೋರಿಸುತ್ತದೆ. ನಂಬಬೇಕಾದ್ದು ಕ್ವಾಲಿಟಿಯನ್ನು. ಬೆರಳಗಲ ತಿರುಗಿಸಿ, ಐದು ಸೆಕೆಂಡ್ ಕಾಯಿರಿ, ಮತ್ತೆ ಬೆರಳಗಲ. ಅನಲಾಗ್‌ನಲ್ಲಿ ಚಿತ್ರ ಮಸುಕಾಗಿ ಮೂಡುತ್ತ ದಾರಿ ತೋರಿಸುತ್ತಿತ್ತು. ಡಿಜಿಟಲ್‌ನಲ್ಲಿ ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಕ್ವಾಲಿಟಿ ಏರಿ ನಿಂತ ಮೇಲೆ ನಟ್ಟು ಬಿಗಿ ಮಾಡಿ, ಆಟೋ ಸ್ಕ್ಯಾನ್ ಕೊಡಿ.

ಪಿನ್ನಿನ ಗೋಳು

ಬಣ್ಣಕ್ಕೆ ಬಣ್ಣ ಸೇರಿಸಿ, ಟಿವಿ ರಿಮೋಟಿನಲ್ಲಿ ಎವಿ ಒತ್ತಿ. ಚಿತ್ರ ಬರದೆ ಗುರ್ ಅಂತ ಸದ್ದು ಮಾತ್ರ ಬಂದರೆ, ಹಳದಿ ತೂತಿಗೆ ಒಂದೊಂದೇ ಪಿನ್ ಹಾಕಿ ನೋಡಿ. ಬಾಕ್ಸ್ ಕಡೆ ಒಂದೇ ಸಣ್ಣ ಜ್ಯಾಕ್ ಇರುವ ವೈರ್‌ಗಳಲ್ಲಿ ಒಳಗಿನ ಜೋಡಣೆ ಕಂಪನಿಗೊಂದು ಥರ. ನಮ್ಮಲ್ಲಿ ಚಿತ್ರ ಬಂದದ್ದು ಕೆಂಪು ಪಿನ್ನಿನಿಂದ!

ಬಾಕ್ಸ್‌ನಲ್ಲಿ ಎಚ್‌ಡಿಎಂಐ (ಹೊಸ ಟಿವಿಗಳ ಡಿಜಿಟಲ್ ತೂತು) ಒಂದೇ ಇದ್ದರೆ ಪರಿವರ್ತಕ ಕೊಳ್ಳಬೇಕು. ಇಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. "ಎಚ್‌ಡಿಎಂಐ ಟು ಎವಿ" ಮತ್ತು "ಎವಿ ಟು ಎಚ್‌ಡಿಎಂಐ" ಎರಡೂ ನೋಡಲು ಅವಳಿ-ಜವಳಿ. ನಮಗೆ ಬೇಕಾದದ್ದು ಮೊದಲನೆಯದು, ನಾನು ತಂದದ್ದು ಎರಡನೆಯದು. ಸರಿಯಾದದ್ದನ್ನು ತಂದ ಮೇಲೆ ಚಿತ್ರ ಕಪ್ಪು-ಬಿಳುಪಾಗಿ ಉರುಳುತ್ತಿತ್ತು. ಪಕ್ಕದಲ್ಲಿ ಉಗುರಿನಷ್ಟು ಸ್ವಿಚ್ ಇತ್ತು, ಅದು ಅಮೆರಿಕದ ಎನ್‌ಟಿಎಸ್‌ಸಿ ಕಡೆಗಿತ್ತು. ಪಾಲ್ ಕಡೆ ತಳ್ಳಿದ್ದೇ ತಡ, ಬಣ್ಣ ಬಂತು.

ಹಾಗಲಕಾಯಿ ಮುಖ

ಈಗಿನ ಪ್ರಸಾರ ಅಗಲ, ಡಬ್ಬಾ ಟಿವಿ ಹೆಚ್ಚುಕಮ್ಮಿ ಚೌಕ. ಸುಮ್ಮನೆ ಬಿಟ್ಟರೆ ವಾರ್ತೆ ಓದುವವರ ಮುಖ ಹಾಗಲಕಾಯಿಯಂತೆ ಉದ್ದವಾಗುತ್ತದೆ. ಬಾಕ್ಸ್ ಸೆಟ್ಟಿಂಗ್‌ನಲ್ಲಿ 4:3 ಆರಿಸಿ, ಅದರ ಜೊತೆ "ಲೆಟರ್ ಬಾಕ್ಸ್" ಇಡಿ. "ಪ್ಯಾನ್ ಸ್ಕ್ಯಾನ್" ಇಟ್ಟರೆ ಪರದೆ ತುಂಬುತ್ತೆ ನಿಜ, ಆದರೆ ಎರಡೂ ಬದಿ ಕತ್ತರಿಸಿ ಹೋಗುತ್ತದೆ. ಕ್ರಿಕೆಟ್ ನೋಡುವಾಗ ಮೂಲೆಯ ಸ್ಕೋರೇ ಇಲ್ಲದಿದ್ದರೆ ಏನು ಚೆಂದ ಅಲ್ವಾ? ಲೆಟರ್ ಬಾಕ್ಸ್‌ನಲ್ಲಿ ಮೇಲೆ ಕೆಳಗೆ ಸೇರಿ ಪರದೆಯ ಕಾಲು ಭಾಗ ಕಪ್ಪಾಗಿರುತ್ತದೆ. ಎರಡು ದಿನದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ.

ಕೊನೆಗೆ ರಿಮೋಟ್

ಇದನ್ನು ಯಾರೂ ಹೇಳುವುದಿಲ್ಲ. ಆದರೆ ವಯಸ್ಸಾದವರ ಮನೆಯಲ್ಲಿ "ಟಿವಿ ಮತ್ತೆ ಕೆಟ್ಟಿದೆ" ಅನ್ನುವ ಫೋನ್ ಬರುವುದು ಇದರಿಂದಲೇ. ಈಗ ರಿಮೋಟ್ ಎರಡು. ಟಿವಿ ರಿಮೋಟಿನಲ್ಲಿ ಚಾನೆಲ್ ಗುಂಡಿ ಒತ್ತಿದರೆ ಎವಿ ತಪ್ಪಿ ಮತ್ತೆ ಚುಕ್ಕಿ. ಟಿವಿಯ ಸದ್ದನ್ನು ನಡುಮಟ್ಟಕ್ಕಿಟ್ಟು, ಹೆಚ್ಚು ಕಡಿಮೆ ಮಾಡುವುದನ್ನು ಬಾಕ್ಸ್ ರಿಮೋಟಿಗೇ ಬಿಟ್ಟೆ. ಟಿವಿ ರಿಮೋಟಿಗೆ ಅಗಲವಾದ ಟೇಪ್ ಸುತ್ತಿ, ಆನ್ ಗುಂಡಿ ಮತ್ತು ಎವಿ ಗುಂಡಿಯ ಜಾಗದಲ್ಲಿ ಮಾತ್ರ ಕತ್ತರಿಸಿದೆ. ಅತ್ತೆ ಎವಿ ಗುಂಡಿಯ ಪಕ್ಕ ಕುಂಕುಮದ ಚುಕ್ಕಿ ಇಟ್ಟುಕೊಂಡಿದ್ದಾರೆ.