ಎಫ್‌ವಿ ಸಾಕಾ, ಮ್ಯಾನುವಲ್ಲೇ ಬೇಕಾ?

ಕ್ಯಾನನ್ ಆರ್ ಸರಣಿಯ ಕ್ಯಾಮೆರಾ ಕೊಂಡವರು ಎಫ್‌ವಿ (ಫ್ಲೆಕ್ಸಿಬಲ್ ಪ್ರಯಾರಿಟಿ) ಮೋಡ್ ನೋಡಿ ಸುಮ್ನೆ ದಾಟಿ ಹೋಗುತ್ತಾರೆ. 2018ರಲ್ಲಿ ಇಒಎಸ್ ಆರ್ ಜೊತೆ ಬಂದದ್ದು. ಶಟರ್ (ಬೆಳಕು ಬೀಳುವ ಸಮಯ), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಮೂರನ್ನೂ ಆಟೋಗೆ ಬಿಡಬಹುದು. ಯಾವುದು ಬೇಕೋ ಅದನ್ನಷ್ಟೇ ನಾವು ಹಿಡಿದುಕೊಂಡರೆ ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ.

ರಂಗನತಿಟ್ಟಿನ ದೋಣಿಯಲ್ಲಿ ನಾನು ಬಳಸುವುದು ಇದನ್ನೇ. ಕೊಕ್ಕರೆ ಬಂಡೆ ಮೇಲೆ ಕೂತಿದ್ದರೆ ಶಟರ್ 1/500 ಸೆಕೆಂಡ್ ಸಾಕು. ರೆಕ್ಕೆ ಬಿಚ್ಚಿತೋ, ಡಯಲ್ ತಿರುಗಿಸಿ 1/2000. ನೆರಳಿನಿಂದ ಬಿಸಿಲಿಗೆ ಹಾರಿದರೂ ಐಎಸ್‌ಒ ತಾನೇ ಇಳಿಯುತ್ತದೆ. ಬಿಳಿ ಹಕ್ಕಿಯ ಹಿಂದೆ ಕಪ್ಪು ಪೊದೆ ಇದ್ದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೋದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು) ಮೈನಸ್ 1 ಇಡಿ, ಇಲ್ಲದಿದ್ದರೆ ಗರಿಯ ಗೆರೆಗಳೇ ಮಾಯ.

ಯಕ್ಷಗಾನಕ್ಕೆ ಮಾತ್ರ ಮ್ಯಾನುವಲ್, ಅಂದರೆ ಮೂರನ್ನೂ ನಾನೇ ಹೊಂದಿಸುವುದು. ರಂಗಸ್ಥಳದ ಬೆಳಕು ಹೆಚ್ಚು ಬದಲಾಗುವುದಿಲ್ಲ, ಆದರೆ ಹಿಂದಿನ ಕತ್ತಲೆ, ಕಿರೀಟದ ಮಿನುಗು ಎರಡೂ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ಗೆ ಮೋಸ ಮಾಡುತ್ತವೆ. ಆಟೋಗೆ ಬಿಟ್ಟರೆ ಒಂದು ಫೋಟೋದಲ್ಲಿ ಮುಖ ಬೆಳ್ಳಗೆ, ಮುಂದಿನದರಲ್ಲಿ ಮಸಿ. ರಾತ್ರಿಯಿಡೀ ಹಾಗೇ ತೆಗೆದು ಬೆಳಿಗ್ಗೆ ತಲೆ ಚಚ್ಚಿಕೊಂಡಿದ್ದೇನೆ! ಈಗ ಶಟರ್ 1/250, ಅಪರ್ಚರ್ ಎಫ್ 2.8 ಇಟ್ಟು, ಮುಖದ ಬಣ್ಣ ನೋಡಿಕೊಂಡು ಐಎಸ್‌ಒ ಹೊಂದಿಸುತ್ತೇನೆ. ಎಲ್‌ಇಡಿ ದೀಪಕ್ಕೆ ಫೋಟೋದಲ್ಲಿ ಪಟ್ಟೆ ಬಂದರೆ 1/100ಕ್ಕೆ ಇಳಿಸಿ ನೋಡಿ. ಕುಣಿತ ಸ್ವಲ್ಪ ಮಸುಕಾಗುತ್ತದೆ, ನಿಂತು ಅರ್ಥ ಹೇಳುವಾಗ ತೊಂದರೆಯಿಲ್ಲ.

ಅಂದಹಾಗೆ, ಎಫ್‌ವಿಯಲ್ಲಿ ಮೂರನ್ನೂ ನೀವೇ ಹಿಡಿದರೆ ಅದೂ ಮ್ಯಾನುವಲ್ಲೇ ಅಲ್ವಾ!